‘ಮಾಟ್ಟಣಂ’ ಅಂದರೆ ಎಂತ?

ಗುಂಪು ಪ್ರಾಜೆಕ್ಟಿನ ಜಗಳಗಳು ನನ್ನ ಹತ್ತಿರ ಬರುವುದು ಸಾಮಾನ್ಯವಾಗಿ ಸಲ್ಲಿಸುವ ದಿನ ಹತ್ತಿರವಾದಾಗ. ಒಬ್ಬ ಕೆಲಸ ಮಾಡಲಿಲ್ಲ, ಇನ್ನೊಬ್ಬಳು ಎಲ್ಲವನ್ನೂ ತಾನೇ ಮಾಡಿದಳು, ಮತ್ತೊಬ್ಬ ಫೈಲನ್ನೇ ಅಳಿಸಿಬಿಟ್ಟ. ಎರಡು ಸಲ ಕೂತು ಮಾತಾಡಿದರೆ ಹೆಚ್ಚಿನವು ಮುಗಿಯುತ್ತವೆ. ಕೆಲವು ಮಾತ್ರ ಬೇರೆ ತರದವು. ಕಾಸರಗೋಡಿನಲ್ಲಿ ಕೂತು ಆಪ್ತಸಲಹೆ ಮಾಡುವ ನನಗೆ ಅವು ಮತ್ತೆ ಮತ್ತೆ ಸಿಗುತ್ತವೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಕಾಲೇಜಿಗೆ ಹೋಗಿ ಮಲಯಾಳ ಮಾತಾಡುವ ಗೆಳೆಯರ ಗುಂಪಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ. ಒಂದು ದಿನ ಅಳುತ್ತಾ ಬರುತ್ತದೆ.

ಈ ಪ್ರಕರಣದಲ್ಲಿ ನಾನೂ ಒಂದು ತಪ್ಪು ಮಾಡಿದೆ. ಬರೆಯಲು ಅದೂ ಒಂದು ಕಾರಣ.

ಹುಡುಗನನ್ನು ಕಿಟ್ಟ ಎಂದು ಕರೆಯುತ್ತೇನೆ. ಅದು ಅವನ ಹೆಸರಲ್ಲ. ಊರು, ಕೋರ್ಸು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕಂಪ್ಯೂಟರ್ ಓದುತ್ತಿದ್ದ. ತರಗತಿಯ ಕೆಲಸವಾಗಿ ನಾಲ್ಕು ಜನ ಸೇರಿ ಒಂದು ವಿಡಿಯೋ ಗೇಮ್ ಮಾಡಬೇಕಿತ್ತು. ಗುಂಪಿನಲ್ಲಿ ಇಬ್ಬರ ಮನೆಮಾತು ಮಲಯಾಳ, ಒಬ್ಬಳದು ತುಳು, ಇವನದು ಕನ್ನಡ. ಆಟದ ಕಲ್ಪನೆ ಇವನದೇ. ಸುರಂಗ.

ಹೊರಗಿನ ಓದುಗರಿಗೆ ಸುರಂಗ ಎಂದರೆ ರೈಲು ಹೋಗುವ ದಾರಿ ನೆನಪಾಗಬಹುದು. ನಮ್ಮಲ್ಲಿ ಹಾಗಲ್ಲ. ಬಾವಿಯನ್ನು ಕೆಳಗೆ ತೋಡುತ್ತಾರೆ, ಸುರಂಗವನ್ನು ಗುಡ್ಡಕ್ಕೆ ಅಡ್ಡಲಾಗಿ ಕೊರೆಯುತ್ತಾರೆ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಗುಡ್ಡದೊಳಗೆ ಒಬ್ಬ ಮನುಷ್ಯ ನುಸುಳುವಷ್ಟು ಅಗಲದ ಗುಹೆ. ನೀರಿನ ಒರತೆ ಸಿಕ್ಕಿದರೆ ಅದು ತಾನಾಗಿ ಹೊರಗೆ ಹರಿದು ಬರುತ್ತದೆ, ಪಂಪು ಬೇಡ. ಕೊರೆಯುವವರು ಒಳಗೆ ಮೇಣದಬತ್ತಿ ಒಯ್ಯುತ್ತಾರೆ. ಬೆಳಕಿಗೂ ಆಯಿತು, ಗಾಳಿ ಸಾಕಷ್ಟು ಉಂಟಾ ಎಂದು ತಿಳಿಯಲಿಕ್ಕೂ ಆಯಿತು. ಬತ್ತಿ ಮಂಕಾದರೆ ಹೊರಗೆ ಬರಬೇಕು.

ಕಿಟ್ಟನ ಆಟದಲ್ಲಿ ಆ ಬತ್ತಿಯೇ ಜೀವ. ಉರಿಯುವಷ್ಟು ಹೊತ್ತು ಆಟ, ನಂದಿದರೆ ಮುಗಿಯಿತು. ಕೇಳಿದ ಕೂಡಲೇ ನನಗೆ ತುಂಬಾ ಇಷ್ಟವಾಯಿತು. ಅಷ್ಟು ಇಷ್ಟವಾಗಬಾರದಿತ್ತು ಎಂದು ಆಮೇಲೆ ಅನಿಸಿತು.

ಮೊದಲ ದಿನ ಅವನು ಹೇಳಿದ್ದು ಇಷ್ಟು. ಗುಂಪಿನ ವಾಟ್ಸಾಪ್‌ನಲ್ಲಿ ಎಲ್ಲ ಮಲಯಾಳ, ಅದೂ ಧ್ವನಿ ಸಂದೇಶ. ಅವನಿಗೆ ಪೇಟೆಯ ಮಲಯಾಳ ಬರುತ್ತದೆ, ವೇಗವಾಗಿ ಆಡಿದರೆ ತಪ್ಪಿ ಹೋಗುತ್ತದೆ. ಆಟಕ್ಕೆ ಅವನು ಕನ್ನಡದಲ್ಲಿ ‘ಕತ್ತಲೆ’ ಎಂದು ಹೆಸರಿಟ್ಟಿದ್ದ. ಅದನ್ನು ತೆಗೆದು ಇಂಗ್ಲಿಷ್ ಹೆಸರು ಹಾಕಿದರು. ಈಗ ಅವನು ಮಾಡಿದ ಹಂತವನ್ನೇ, ಅವರ ಭಾಷೆಯಲ್ಲಿ ಲೆವೆಲ್, ತೆಗೆದು ಹಾಕುತ್ತಿದ್ದಾರೆ. "ನಾನು ಕನ್ನಡದವ ಅಂತ ಟೀಚರೇ. ಬೇರೆ ಎಂತ ಕಾರಣ ಇಲ್ಲ."

ನಾನು ತಲೆ ಅಲ್ಲಾಡಿಸಿದೆ. ಸ್ವಲ್ಪ ಜಾಸ್ತಿಯೇ ಅಲ್ಲಾಡಿಸಿದೆ.

ಯಾಕೆಂದರೆ ನಾನೂ ಇಲ್ಲಿಯ ಕನ್ನಡ ಶಾಲೆಯಲ್ಲೇ ಓದಿದ್ದು. ಮಲಯಾಳ ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ಕಥೆಯನ್ನು ಮನೆಯಲ್ಲಿ ಹಿರಿಯರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ಇಲ್ಲಿಯ ಕನ್ನಡಿಗರು ಬೀದಿಗಿಳಿದದ್ದು ಕಣ್ಣ ಮುಂದೆಯೇ ಇದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದ ಮಾಸ್ತರರು ಬಂದ ಪ್ರಕರಣಗಳೂ ಗೊತ್ತು. ಹಾಗಾಗಿ ಕಿಟ್ಟ ಎರಡು ವಾಕ್ಯ ಹೇಳುವಾಗಲೇ ಉಳಿದ ಇಪ್ಪತ್ತನ್ನು ನಾನೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ. "ದೂರು ಬರೆದು ತಾ, ನೋಡೋಣ" ಎಂದು ಕಳಿಸಿದೆ. ಗುಂಪಿನವರು ನಿಜವಾಗಿ ಎಂತ ಹೇಳಿದರು ಎಂದು ಕೇಳಲೇ ಇಲ್ಲ. ನನ್ನ ತಪ್ಪು ಇದು.

ಎರಡನೇ ಸಲ ಬಂದಾಗ ಅವನ ಕೈಯಲ್ಲಿ ಎರಡು ಪುಟದ ದೂರು ಇತ್ತು. ಅಕ್ಷರ ಮುತ್ತಿನ ಹಾಗೆ. ಜೊತೆಗೆ ಲ್ಯಾಪ್‌ಟಾಪ್ ತಂದಿದ್ದ. "ನನ್ನ ಕೆಲಸ ಎಷ್ಟು ಚಂದ ಉಂಟು ಎಂದು ನೀವೇ ನೋಡಿ. ಆಮೇಲೆ ದೂರು ಓದಿ."

ನಾನು ಜೀವನದಲ್ಲಿ ಆಡಿದ ವಿಡಿಯೋ ಗೇಮ್ ಎಂದರೆ ಹಳೆಯ ನೋಕಿಯಾ ಫೋನಿನ ಹಾವಿನ ಆಟ ಮಾತ್ರ. ಹಾಗೆಂದು ಹೇಳಿದೆ. "ತೊಂದರೆ ಇಲ್ಲ ಟೀಚರೇ, ಬಾಣದ ಕೀ, ಮತ್ತೆ ಹಾರಲಿಕ್ಕೆ ಸ್ಪೇಸ್" ಎಂದ.

ತೆರೆ ಕಪ್ಪಾಯಿತು. ಮಧ್ಯದಲ್ಲಿ ಒಂದು ಸಣ್ಣ ಹಳದಿ ವೃತ್ತ, ಅದರೊಳಗೆ ಮುಂಡಾಸು ಸುತ್ತಿದ ಒಬ್ಬ ಮನುಷ್ಯ. ಹಿಂದೆ ಕೆಂಪು ಕಲ್ಲಿನ ಗೋಡೆ. ಗೋಡೆಯಲ್ಲಿ ಪಿಕಾಸಿನ ಗುರುತುಗಳನ್ನೂ ಬಿಡಿಸಿದ್ದ. ನಿಜಕ್ಕೂ ಚಂದ ಇತ್ತು. ನಾಲ್ಕು ಹೆಜ್ಜೆ ನಡೆದೆ, ಹೊಂಡಕ್ಕೆ ಬಿದ್ದೆ. ಮತ್ತೆ ಶುರು. ಮತ್ತೆ ಬಿದ್ದೆ. ಮೂರನೇ ಸಲ ಮೊದಲ ಹೊಂಡ ದಾಟಿದೆ, ಎರಡನೆಯದಕ್ಕೆ ಬಿದ್ದೆ.

"ಅಲ್ಲಿ ಹಾರಬೇಕು ಟೀಚರೇ."

"ಎಲ್ಲಿ? ಕಾಣುವುದಿಲ್ಲವಲ್ಲ."

"ಆ ಕಲ್ಲು ದಾಟಿದ ಕೂಡಲೇ. ಈಗ. ಈಗ! ಅಯ್ಯೋ."

ಹನ್ನೊಂದು ಸಲ ಬಿದ್ದೆ. ಎಣಿಸುತ್ತಿದ್ದವನು ಅವನೇ. ಮೊದಮೊದಲು ನಗುತ್ತಿದ್ದ. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡ. ಕೊನೆಗೆ ತಡೆಯಲಾರದೆ ನನ್ನ ಕೈಯನ್ನು ಮೆಲ್ಲ ಪಕ್ಕಕ್ಕೆ ಸರಿಸಿ ತಾನೇ ಆಡಿ ತೋರಿಸಿದ. ಕಣ್ಣು ಮುಚ್ಚಿದರೂ ಆಡುತ್ತಿದ್ದನೇನೋ. ಹೊಂಡ, ಕಲ್ಲು, ಬಾವಲಿ, ಮತ್ತೆ ಹೊಂಡ. ಒಂದೂ ತಪ್ಪಲಿಲ್ಲ. ಕೊನೆಯಲ್ಲಿ ನೀರು ಚಿಮ್ಮಿತು.

"ನೋಡಿದಿರಾ? ಸುಲಭ."

"ನಿನ್ನ ಗುಂಪಿನವರು ಆಡಿದಾಗ?"

"ಅವರೂ ನಿಮ್ಮ ಹಾಗೇ. ಅವರಿಗೆ ಆಡಲಿಕ್ಕೆ ಬರುವುದಿಲ್ಲ."

ಹೇಳಿದವನು ಅಲ್ಲೇ ನಿಂತ. ತೆರೆಯನ್ನು ನೋಡಿದ, ನನ್ನನ್ನು ನೋಡಿದ. ನಾನು ಏನೂ ಹೇಳಲಿಲ್ಲ. ಹೇಳಲು ಬಾಯಿ ತೆರೆದಿದ್ದೆ, ಪುಣ್ಯಕ್ಕೆ ಮುಚ್ಚಿದೆ. ಗೋಡೆಯ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಸುಮಾರು ಹೊತ್ತಾದ ಮೇಲೆ ಅವನೇ ಕೇಳಿದ, "ಕತ್ತಲೆ ಜಾಸ್ತಿ ಆಯಿತಾ?"

ಆಗ ನಾನು ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ. ಲೆವೆಲ್ ತೆಗೆಯಬೇಕು ಎಂದು ಯಾರು ಹೇಳಿದರು? ಯಾವ ಮಾತಿನಲ್ಲಿ ಹೇಳಿದರು?

ಅವನು ಫೋನ್ ತೆಗೆದು ಆ ಧ್ವನಿ ಸಂದೇಶ ಹಾಕಿದ. ಹುಡುಗಿಯ ಧ್ವನಿ. ಬಸ್ಸಿನಲ್ಲಿ ಕೂತು ಹೇಳಿದ್ದಿರಬೇಕು, ಹಿಂದೆ ಹಾರ್ನ್ ಸದ್ದು. ಬೇರೆ ಏನೇನೋ ಹೇಳಿ ನಡುವೆ ಒಂದು ವಾಕ್ಯ: "ನಿಂಡೆ ಲೆವೆಲ್ ಮಾಟ್ಟಣಂ."

"ಇದರ ಅರ್ಥ ಎಂತ?" ಎಂದೆ.

"ನಿನ್ನ ಲೆವೆಲ್ ತೆಗೀಬೇಕು ಅಂತ."

ಮಲಯಾಳ ಬಲ್ಲವರು ಇಷ್ಟು ಹೊತ್ತಿಗೆ ನಕ್ಕಿರುತ್ತೀರಿ. ದಾರಿಗೆ ಅಡ್ಡ ನಿಂತ ಕಾರನ್ನು ‘ಮಾಟ್ಟಣಂ’ ಎಂದರೆ ಅಲ್ಲಿಂದ ತೆಗೆಯಬೇಕು. ಅಂಗಿಯನ್ನು ‘ಮಾಟ್ಟಣಂ’ ಎಂದರೆ ಬದಲಿಸಬೇಕು. ಒಂದೇ ಕ್ರಿಯಾಪದ. ಪೇಟೆಯಲ್ಲಿ ಕಿಟ್ಟನಿಗೆ ಸಿಕ್ಕಿದ್ದು ಮೊದಲನೆಯ ಅರ್ಥ. ಎರಡನೆಯದು ಅವನ ಕಿವಿಗೆ ಬಿದ್ದಿದ್ದರೂ ಆ ದಿನ ನೆನಪಾಗಲಿಲ್ಲ.

ಇಲ್ಲಿ ನಾನು ಮಾಡಿದ್ದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಆಮೇಲೆ ಇದರ ಬಗ್ಗೆ ಮಾತು ಕೇಳಿದ್ದೇನೆ. ಆ ಪದಕ್ಕೆ ಎರಡು ಅರ್ಥ ಉಂಟು ಎಂದು ಹೇಳಿದೆ. ಆದರೆ ಆ ಹುಡುಗಿ ಹೇಳಿದ್ದು ಯಾವುದು ಎಂದು ಹೇಳಲಿಲ್ಲ. "ಬದಲಿಸಬೇಕು ಅಂತಲೇ ಹೇಳಿರುತ್ತಾಳೆ, ನೀನು ಸುಮ್ನೆ ತಲೆ ಕೆಡಿಸಿಕೊಂಡೆ" ಎಂದಿದ್ದರೆ ಅವನು ಹಗುರಾಗಿ ಮನೆಗೆ ಹೋಗುತ್ತಿದ್ದ. ಆದರೆ ನನಗೆ ಗೊತ್ತಿರಲಿಲ್ಲ. ಮೊದಲ ದಿನ ಕಾಣದ ಮೂರು ಜನರ ಮನಸ್ಸನ್ನು ಕೆಟ್ಟದೆಂದು ಓದಿದ್ದೆ. ಎರಡನೇ ದಿನ ಒಳ್ಳೆಯದೆಂದು ಓದಿದರೆ ಅದೂ ಅದೇ ತಪ್ಪು. ಕೋಣೆಯಲ್ಲಿ ಇಲ್ಲದವರ ಮಾತಿಗೆ ಅರ್ಥ ಹೇಳುವುದು ನಮ್ಮ ವೃತ್ತಿಯ ದೊಡ್ಡ ಚಟ.

ಹಾಗಾಗಿ ಕೊಟ್ಟ ಸಲಹೆ ಇದು. ನಾಳೆ ಅವಳನ್ನೇ ಕೇಳು. ಫೋನಿನಲ್ಲಿ ಬೇಡ, ಎದುರೆದುರು. ನಿನ್ನ ಹರಕು ಮಲಯಾಳದಲ್ಲೇ ಕೇಳು, ನಗಾಡಿದರೆ ನಗಾಡಲಿ. ಇನ್ನು ಮುಂದೆ ತೀರ್ಮಾನ ಮಾಡುವ ಮಾತನ್ನು ಧ್ವನಿಯಲ್ಲಿ ಕಳಿಸಬೇಡಿ, ಒಂದು ಸಾಲು ಬರೆದು ಕಳಿಸಿ ಎಂದು ಗುಂಪಿಗೆ ಹೇಳು. ಇಂಗ್ಲಿಷಿನಲ್ಲಾದರೂ ಸರಿ. ಮತ್ತೆ, ಆಟವನ್ನು ಇನ್ನೂ ಮೂರು ಹೊಸಬರ ಕೈಗೆ ಕೊಟ್ಟು, ಹಿಂದೆ ಬಾಯಿ ಮುಚ್ಚಿ ಕೂರು. ಕೈ ತುರಿಸಿದರೆ ತೊಡೆಯ ಕೆಳಗೆ ಇಟ್ಟುಕೋ. ಎಲ್ಲಿ ಬೀಳುತ್ತಾರೆ ಎಂದು ಬರೆದುಕೋ. ಇದು ನನ್ನ ಬುದ್ಧಿವಂತಿಕೆ ಎಂದುಕೊಂಡಿದ್ದೆ. ಆಟ ತಯಾರಿಸುವವರು ಎಲ್ಲ ಕಡೆ ಮಾಡುವುದೇ ಇದು, ಪ್ಲೇಟೆಸ್ಟ್ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ದೂರನ್ನು ಹರಿಯಬೇಡ, ಈಗ ಕೊಡಲೂ ಬೇಡ ಎಂದೆ. ಅವನು ಅದನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದ.

ಕೇಳಿದಾಗ ಸಿಕ್ಕ ಉತ್ತರ ಅಷ್ಟು ನೇರವಾಗಿರಲಿಲ್ಲ. ಹುಡುಗಿ ಹೇಳಿದ್ದು ಬದಲಿಸಬೇಕು ಎಂದೇ. ಬತ್ತಿಯ ಬೆಳಕು ದೊಡ್ಡದು ಮಾಡು, ಹೊಂಡ ಕಡಿಮೆ ಮಾಡು ಎಂದು. ಆದರೆ ಪಕ್ಕದಲ್ಲಿದ್ದ ಹುಡುಗ, "ನಾನು ತೆಗೆಯಬೇಕು ಅಂತಲೇ ಹೇಳಿದ್ದು. ಹತ್ತು ದಿನ ಉಳಿದಿದೆ, ನೀನು ಗ್ರೂಪಿನಲ್ಲಿ ಎಂತದೂ ಹೇಳುವುದಿಲ್ಲ. ಸರಿ ಮಾಡುತ್ತೀಯೋ ಇಲ್ಲವೋ ನಮಗೆ ಹೇಗೆ ಗೊತ್ತಾಗಬೇಕು?" ಎಂದನಂತೆ. ಅದೂ ಮಲಯಾಳದಲ್ಲೇ. ಈ ಸಲ ಕಿಟ್ಟನಿಗೆ ಎಲ್ಲ ಅರ್ಥವಾಯಿತು.

ಹೆಸರಿನ ವಿಷಯ ಕೇಳಿದ್ದು ತುಳು ಹುಡುಗಿಯ ಹತ್ತಿರ. ಕಾಲೇಜಿನ ಲ್ಯಾಬಿನಲ್ಲಿ ಇದ್ದದ್ದು ಆಟ ತಯಾರಿಸುವ ತಂತ್ರಾಂಶವಾದ ಗೊಡೋ ಎಂಜಿನ್‌ನ ಹಳೆಯ ಮೂರನೇ ಆವೃತ್ತಿ. ಅದರಲ್ಲಿ ನಮ್ಮ ಲಿಪಿಗಳು ಸರಿಯಾಗಿ ಮೂಡುವುದಿಲ್ಲ. ‘ಕತ್ತಲೆ’ ಎಂದು ಹಾಕಿದರೆ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲೇ ನಿಲ್ಲುತ್ತಿತ್ತು. ಅವರು ಮಲಯಾಳದಲ್ಲೂ ಹಾಕಿ ನೋಡಿದ್ದರು, ಅದೂ ಒಡೆದು ಹೋಗಿತ್ತು. ಹಾಗಾಗಿ ಇಂಗ್ಲಿಷ್. 2023ರಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಈ ತೊಂದರೆ ಇಲ್ಲ ಎಂದು ಕಂಪ್ಯೂಟರ್ ಕಲಿಸುವ ಗೆಳತಿಯೊಬ್ಬರು ನನಗೆ ಹೇಳಿದರು. ಪ್ರಾಜೆಕ್ಟಿನ ನಡುವೆ ಆವೃತ್ತಿ ಬದಲಿಸಿದರೆ ಬೇರೆ ಹತ್ತು ಕಡೆ ಕೆಟ್ಟು ಕೂರುತ್ತದಂತೆ. ಸರಿ. ಆದರೆ ಇದನ್ನು ಕಿಟ್ಟನಿಗೆ ಯಾರೂ ಹೇಳಿರಲಿಲ್ಲ, ಅಲ್ವಾ? ಹೆಸರಿಟ್ಟವನಿಗೆ ಹೇಳದೆ ಹೆಸರು ತೆಗೆದದ್ದು ತಪ್ಪೇ. ಅದನ್ನು ಅವರಿಗೆ ಹೇಳು ಎಂದೆ, ಹೇಳಿದ.

ಈ ಪ್ರಕರಣವನ್ನು ಹೆಸರಿಲ್ಲದೆ ಸಹೋದ್ಯೋಗಿಗಳ ಮುಂದೆ ಇಟ್ಟಾಗ ಒಬ್ಬರಿಗೆ ಸಿಟ್ಟೇ ಬಂತು. "ಹುಡುಗನ ನೋವನ್ನು ನೀವು ವ್ಯಾಕರಣದ ಪ್ರಶ್ನೆ ಮಾಡಿದಿರಿ. ಮೂರು ಜನ ಒಬ್ಬನಿಗೆ ತಿಳಿಯದ ಭಾಷೆಯಲ್ಲಿ ಮಾತಾಡುವುದೇ ಅನ್ಯಾಯ. ಅವನೇ ಹೋಗಿ ಹರಕು ಮಲಯಾಳದಲ್ಲಿ ಕೇಳಬೇಕಾ?"

ಈ ಮಾತು ನನ್ನನ್ನು ಕೆಲವು ರಾತ್ರಿ ಕಾಡಿತು. ಅದರಲ್ಲಿ ಹುರುಳಿದೆ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬಾರದಿದ್ದರೆ, ಕಚೇರಿಯ ಫಾರಂ ಮಲಯಾಳದಲ್ಲಿ ಮಾತ್ರ ಇದ್ದರೆ, ಮೊದಲು ದೂರು ಬರೆ ಎಂದೇ ಹೇಳುತ್ತೇನೆ. ಹೇಳಿದ್ದೇನೆ, ಕೂತು ಬರೆದುಕೊಟ್ಟೂ ಇದ್ದೇನೆ. ಅಲ್ಲಿ ಎದುರಿಗೆ ಇರುವುದು ಕಚೇರಿ. ಇಲ್ಲಿ ಇದ್ದದ್ದು ಹತ್ತೊಂಬತ್ತು, ಇಪ್ಪತ್ತು ವಯಸ್ಸಿನ ಮೂವರು. ಇವನ ಮೌನವನ್ನು ಅವರು ಸೋಮಾರಿತನ ಎಂದುಕೊಂಡಿದ್ದರು. ಅವರ ವೇಗದ ಮಾತನ್ನು ಇವನು ದ್ವೇಷ ಎಂದುಕೊಂಡಿದ್ದ. ದೂರು ಕೊಟ್ಟಿದ್ದರೆ ಮೇಷ್ಟ್ರು ಇವನ ಲೆವೆಲ್ಲನ್ನು ಹಾಗೆಯೇ ಉಳಿಸಿ ಎಂದು ಆಜ್ಞೆ ಮಾಡುತ್ತಿದ್ದರೇನೋ. ಯಾರಿಂದಲೂ ಆಡಲಾಗದ ಲೆವೆಲ್ ಉಳಿಯುತ್ತಿತ್ತು. ಯಾಕೆ ಆಡಲಾಗುವುದಿಲ್ಲ ಎಂದು ಅವನಿಗೆ ಯಾರೂ ಹೇಳುತ್ತಿರಲಿಲ್ಲ, ಹೇಳಲು ಹೆದರುತ್ತಿದ್ದರು. ಕನ್ನಡದ ಮಗು ಎಂದು ನಾನು ಅವನ ಕೆಲಸದ ತಪ್ಪನ್ನು ನೋಡದೆ ಬಿಟ್ಟರೆ ಅವನಿಗೆ ಎಂತ ಉಪಕಾರವಾಯಿತು?

ಆದರೂ ಒಂದು ಕಡೆ ಆ ಸಹೋದ್ಯೋಗಿ ಹೇಳಿದ್ದೇ ಸರಿ. ‘ಹರಕು ಮಲಯಾಳದಲ್ಲೇ ಕೇಳು’ ಎಂದು ಈಗ ಹೇಳುವುದಿಲ್ಲ. ಯಾವ ಭಾಷೆ ಬಾಯಿಗೆ ಬರುತ್ತದೋ ಅದರಲ್ಲಿ ಕೇಳು ಎನ್ನುತ್ತೇನೆ.

ಸಲ್ಲಿಸಿದ ಮೇಲೆ ಕಿಟ್ಟ ಒಂದು ಸಂಜೆ ಬಂದ. ಅಂಕ ಸಾಧಾರಣ ಬಂದಿತ್ತು. ಆ ಹುಡುಗನ ಜೊತೆ ಈಗಲೂ ಅಷ್ಟಕ್ಕಷ್ಟೇ. ಲ್ಯಾಪ್‌ಟಾಪ್ ತೆರೆದು ನನ್ನ ಮುಂದೆ ತಳ್ಳಿದ. ಬೆಳಕಿನ ವೃತ್ತ ಸ್ವಲ್ಪ ದೊಡ್ಡದಾಗಿತ್ತು. ಹೊಂಡ ಹತ್ತಿರ ಬಂದಾಗ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಅದು ತುಳು ಹುಡುಗಿಯ ಐಡಿಯಾ ಅಂತೆ, ಅವಳ ಮನೆಯ ಸುರಂಗದಲ್ಲೇ ಫೋನಿಟ್ಟು ರೆಕಾರ್ಡ್ ಮಾಡಿದ್ದು.

ನಾನು ಎರಡು ಹೊಂಡ ದಾಟಿದೆ. ಮೂರನೆಯದರಲ್ಲಿ ಬಿದ್ದೆ. ತಿರುಗಿ ನೋಡಿದರೆ ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ತುಟಿ ಕಚ್ಚಿಕೊಂಡು ಕೂತಿದ್ದ.