ತಮ್ಮ ಮೊಬೈಲ್‌ನಲ್ಲಿ ವಿಷದ ಬಗ್ಗೆ ಹುಡುಕಿದ್ದು ಕಂಡಿತು, ಏನು ಮಾಡಲಿ?

ಹಾವೇರಿ ಹತ್ತಿರದ ಹಳ್ಳಿ, ಒಕ್ಕಲುತನದ ಮನೆ, ತಮ್ಮ ‘ನೋವಿಲ್ಲದ ವಿಷ’ ಎಂದು ಹುಡುಕಿದ್ದಾನೆ, ಮೊಬೈಲ್ ಕಸಿದುಕೊಳ್ಳಲೇ ಎಂದು ಕೇಳಿದ್ದೀರಿ. ಮೊಬೈಲ್ ಆಮೇಲೆ ನೋಡೋಣ. ಇಂದು ಕತ್ತಲಾಗುವುದರೊಳಗೆ ಮನೆಯಲ್ಲಿರುವ ಎಣ್ಣಿ (ಬೆಳೆಗೆ ಹೊಡೆಯುವ ವಿಷ) ಬಾಟಲಿಗಳನ್ನು ಸಾಗಿಸಿಬಿಡಿ.

ಮೆಣಸಿನಕಾಯಿಗೆ, ಹತ್ತಿಗೆ ಹೊಡೆದು ಉಳಿದದ್ದು, ಕಳೆನಾಶಕ, ಇಲಿ ಪಾಷಾಣ, ಅಪ್ಪನ ಬಿಪಿ ಗುಳಿಗೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಟ್ಟದ ಮೇಲಿಟ್ಟರೆ, ಹೊಲದ ಮೋಟರ್ ಕೋಣೆಯಲ್ಲಿಟ್ಟರೆ ಸಾಲದು, ಅಲ್ಲಿಗೆ ಅವನೊಬ್ಬನೇ ಹೋಗುತ್ತಾನೆ. ನಂಬಿಕಸ್ಥ ಸಂಬಂಧಿಕರ ಮನೆಯಲ್ಲಿ ಬೀಗ ಹಾಕಿಸಿಡಿ. ಬಾವಿಗೋ ಗಟಾರಕ್ಕೋ ಸುರಿಯಬೇಡಿ. ಗುಳಿಗೆಗಳನ್ನು ಆಯಾ ಹೊತ್ತಿನದಷ್ಟೇ ನೀವೇ ಎಣಿಸಿ ಕೊಡಿ. ಸದ್ಯಕ್ಕೆ ಎಣ್ಣಿ ತರುವ, ಹೊಡೆಯುವ ಕೆಲಸ ಅವನಿಗೆ ಬೇಡ.

ಸಾಯಬೇಕೆಂದವನು ಬೇರೆ ದಾರಿ ಹುಡುಕುತ್ತಾನೆ ಎಂದು ಜನ ಹೇಳುತ್ತಾರೆ. ಬಹಳ ಮಂದಿಯ ಮಟ್ಟಿಗೆ ಅದು ನಿಜವಲ್ಲ. ಆ ಸಂಕಟ ಏರಿ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಶ್ರೀಲಂಕಾ ಅತಿ ಅಪಾಯಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರ ನಂತರದ 20 ವರ್ಷಗಳಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು.

ಆಮೇಲೆ ಅವನ ಹತ್ತಿರ ಕೂತು ನೇರವಾಗಿ ಕೇಳಿ: “ತಮ್ಮಾ, ಸಾಯಬೇಕು ಅಂತ ಅನಸ್ತದೇನು ನಿನಗ?” ಕೇಳಿದರೆ ಆ ವಿಚಾರ ತಲೆಗೆ ಹೊಕ್ಕುತ್ತದೆ ಎಂಬ ಹೆದರಿಕೆ ಬೇಡ, ಹಾಗಾಗುವುದಿಲ್ಲ. ಅವ್ವನ ಮೇಲೆ ಆಣೆ ಮಾತ್ರ ಹಾಕಿಸಬೇಡಿ. ಆಣೆ ಹಾಕಿದವನು ಮುಂದಿನ ಸಲ ನಿಮ್ಮಿಂದ ಮುಚ್ಚಿಡುತ್ತಾನೆ. ಗುರುತಿಲ್ಲದವರು ಮೊಬೈಲ್‌ನಲ್ಲಿ ಹೇಳುವ ‘ನೋವಿಲ್ಲ’ ಎಂಬ ಮಾತು ಶುದ್ಧ ಸುಳ್ಳು. ಬದುಕಲೋ ಬೇಡವೋ ಎಂದು ತೂಗಾಡುತ್ತಿರುವವನನ್ನು ಅಂಥ ಮಾತುಗಳೇ ಮುಂದಕ್ಕೆ ತಳ್ಳುತ್ತವೆ. ಹಾಗಂತ ಮೊಬೈಲ್ ಕಸಿದುಕೊಂಡರೆ ಅವನು ಒಂಟಿಯಾಗುತ್ತಾನೆ. ಅವನ ಜತೆಗೇ ಕೂತು ಅಂಥ ಮಾತು ನಡೆಯುವ ಮೊಬೈಲ್ ಗುಂಪುಗಳಿಂದ ಹೊರಬರುವಂತೆ ಮಾಡಿ. ರಾತ್ರಿ ಒಬ್ಬನನ್ನೇ ಮಲಗಲು ಬಿಡಬೇಡಿ.

ಏನಾದರೂ ಕುಡಿದಿದ್ದಾನೆ ಎಂಬ ಅನುಮಾನ ಬಂದರೂ ಸಾಕು, ತಕ್ಷಣ 108ಕ್ಕೆ ಕರೆ ಮಾಡಿ. ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಕಡೆ ಇನ್ನೂ ನಡೆದಿದೆ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಅದೇ ಜೀವ ತೆಗೆಯುತ್ತದೆ. ಹಾಲು, ಮಜ್ಜಿಗೆಯೂ ಬೇಡ. ಎಡ ಮಗ್ಗುಲಿಗೆ ಮಲಗಿಸಿ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಎಣ್ಣಿ ಬಿದ್ದ ಬಟ್ಟೆ ತೆಗೆದು ಮೈಯನ್ನು ಸಾಬೂನು ನೀರಲ್ಲಿ ತೊಳೆಯಿರಿ. ಆದರೆ ಇದಕ್ಕಾಗಿ ಗಾಡಿ ನಿಲ್ಲಿಸಿಕೊಳ್ಳಬೇಡಿ. ಬಾಟಲಿಯನ್ನು ಲೇಬಲ್ ಸಮೇತ ಒಯ್ಯಿರಿ, ಯಾವ ಮದ್ದು ಕೊಡಬೇಕೆಂದು ವೈದ್ಯರಿಗೆ ಅದರಿಂದ ಗೊತ್ತಾಗುತ್ತದೆ. ‘ಆರಾಮ ಅದಾನ’ ಎಂದು ಮನೆಯಲ್ಲೇ ಕಾಯಬೇಡಿ. ಪೊಲೀಸ್ ಕೇಸಿನ ಅಂಜಿಕೆಯಿಂದ ಸುಳ್ಳು ಹೇಳುವುದೂ ಬೇಡ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಒತ್ತಡದಲ್ಲಿದ್ದವನೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ.

ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅವನು ಒಲ್ಲೆ ಎಂದರೆ ಅಕ್ಕ-ಅಣ್ಣನಾಗಿ ನೀವೇ ಮಾತಾಡಬಹುದು. ನಾಳೆ ಮುಂಜಾನೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೋ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೋ ಕರೆದೊಯ್ಯಿರಿ. ಅವನನ್ನು ಒಬ್ಬನೇ ಕಳಿಸಬೇಡಿ, ನೀವೂ ಜತೆಗೆ ಹೋಗಿ.