ಪ್ರತಿಕ್ರಿಯೆ: ಎರಡು ರೇಸಿಗೆ ವರ್ಷದ ಲೈಸೆನ್ಸ್ ಬೇಕಾ?

ವರ್ಷಕ್ಕೆ ಎರಡೇ ಸೈಕಲ್ ರೇಸ್ ಓಡಿಸುವವರು ಪೂರ್ತಿ ಲೈಸೆನ್ಸ್ ಮಾಡಿಸಬೇಕಾ ಅಂತ ಕೇಳಿದ್ದೀರಿ. ಮೊದಲು ಆಯೋಜಕರನ್ನು ವಿಚಾರಿಸಿ. ಕೆಲವು ದೇಶಗಳ ಸೈಕ್ಲಿಂಗ್ ಫೆಡರೇಶನ್‌ಗಳು ಒಂದು ದಿನದ ಲೈಸೆನ್ಸ್ ಕೊಡುತ್ತವೆ. ನಿಮಗೆ ಅದೇ ಸಾಕು.

ವರ್ಷದ್ದೇ ಬೇಕೆಂದರೆ ತಿಂಗಳು ನೋಡಿಕೊಳ್ಳಿ. ಯುಸಿಐ (ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ನಿಯಮದಲ್ಲಿ ಲೈಸೆನ್ಸ್ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅಕ್ಟೋಬರ್‌ನಲ್ಲಿ ಮಾಡಿಸಿದರೂ ಅಷ್ಟೇ. ಸುಮ್ನೆ ದುಡ್ಡು ದಂಡ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಲೈಸೆನ್ಸ್ ಪಡೆದ ಮೇಲೆ, ಯಾವ ಅಧಿಕೃತ ಕ್ಯಾಲೆಂಡರ್‌ನಲ್ಲೂ ಇಲ್ಲದ ರೇಸಿನಲ್ಲಿ ನೀವು ಓಡಿಸುವಂತಿಲ್ಲ. ಯುಸಿಐ ನಿಯಮ 1.2.019 ಓದಿ. ಸಿಕ್ಕಿಬಿದ್ದರೆ ಒಂದು ತಿಂಗಳ ಅಮಾನತು, ಮೇಲೆ ದಂಡ. ಲೈಸೆನ್ಸೇ ಇಲ್ಲದವನು ಅದೇ ರೇಸಿನಲ್ಲಿ ಆರಾಮಾಗಿ ಓಡಿಸಿ ಮನೆಗೆ ಹೋಗುತ್ತಾನೆ! ದುಡ್ಡು ಕೊಟ್ಟವನಿಗೇ ಬೇಲಿ, ವಿಚಿತ್ರ ಅಲ್ವಾ? ಸುರಕ್ಷತೆ, ವಿಮೆ ಅನ್ನುವ ಕಾರಣ ಒಪ್ಪೋಣ. ಆದರೆ ವಾರಾಂತ್ಯಕ್ಕೆ ಸೈಕಲ್ ಏರುವ ಹವ್ಯಾಸಿಗೂ ವೃತ್ತಿಪರನಿಗೂ ಒಂದೇ ನಿಯಮ ಅನ್ನುವುದು ನನಗಂತೂ ಜಾಸ್ತಿಯಾಯಿತು ಅನ್ನಿಸುತ್ತದೆ. ನಿರ್ದಿಷ್ಟ ರೇಸುಗಳಿಗೆ ವಿನಾಯಿತಿ ಕೊಡುವ ಅಧಿಕಾರ ರಾಷ್ಟ್ರೀಯ ಫೆಡರೇಶನ್‌ಗಿದೆ. ನಿಮ್ಮ ರೇಸಿಗೆ ಅದು ಸಿಕ್ಕಿದೆಯೇ ಎಂದು ಇಮೇಲ್ ಮಾಡಿ ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ.