ಸಂಜೆಯ ಚುಕ್ಕಿ, ಬೆಳಗಿನ ಚುಕ್ಕಿ ಎರಡೂ ಒಂದೇನಾ?

ಪ್ರಶ್ನೆ: ಸಂಜೆ ಹೊತ್ತು ಪಶ್ಚಿಮದಲ್ಲಿ ಒಂದು ಚುಕ್ಕಿ ಭಾರಿ ಹೊಳೆಯುತ್ತಿತ್ತು. ತಿಂಗಳುಗಟ್ಟಲೆ ನೋಡಿದೆವು, ಆಮೇಲೆ ಕಾಣೆಯಾಯಿತು. ಈಗ ಬೆಳಗಿನ ಜಾವ ಹಾಲು ಕರೆಯಲು ಎದ್ದರೆ ಪೂರ್ವದಲ್ಲಿ ಅಂಥದ್ದೇ ಒಂದು ಇದೆ. ಎರಡೂ ಒಂದೇನಾ ಸಾರ್?
– ಓದುಗರೊಬ್ಬರು, ತಿಪಟೂರು

ಉತ್ತರ: ಒಂದೇ. ಅದು ನಕ್ಷತ್ರ ಅಲ್ಲ, ಶುಕ್ರ ಗ್ರಹ. ಹಳ್ಳಿಯ ಹಿರಿಯರು ಬೆಳ್ಳಿ ಮೂಡಿತು ಅಂತ ಹೇಳಿ ಏಳುತ್ತಿದ್ದದ್ದು ಇದನ್ನೇ ನೋಡಿ. ನಾವು ಸೂರ್ಯನಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ ಸುತ್ತುತ್ತೇವೆ, ಶುಕ್ರ 10.8 ಕೋಟಿ ದೂರದಲ್ಲಿ. ಅದರ ದಾರಿ ನಮ್ಮ ದಾರಿಯ ಒಳಗೇ ಇರುವುದರಿಂದ ನಮ್ಮ ಕಣ್ಣಿಗೆ ಅದು ಸೂರ್ಯನನ್ನು ಬಿಟ್ಟು 47 ಡಿಗ್ರಿಗಿಂತ ಜಾಸ್ತಿ ಆಚೆ ಹೋಗುವುದೇ ಇಲ್ಲ. ಒಂದಷ್ಟು ತಿಂಗಳು ಸೂರ್ಯ ಮುಳುಗಿದ ಮೇಲೆ ಮುಳುಗುತ್ತದೆ, ಇನ್ನೊಂದಷ್ಟು ತಿಂಗಳು ಸೂರ್ಯನಿಗಿಂತ ಮೊದಲೇ ಹುಟ್ಟುತ್ತದೆ, ನಡುವೆ ಸೂರ್ಯನ ಬೆಳಕಿನಲ್ಲಿ ಸೇರಿಹೋಗಿ ಕಾಣುವುದಿಲ್ಲ. ಈ ಇಡೀ ಸುತ್ತಿಗೆ ಸುಮಾರು 584 ದಿನ. ನಡುರಾತ್ರಿ ನೆತ್ತಿಯ ಮೇಲೆ ಏನೋ ಜೋರಾಗಿ ಹೊಳೆಯುತ್ತಿದ್ದರೆ ಅದು ಗುರು ಇರಬಹುದು, ಶುಕ್ರ ಅಂತೂ ಅಲ್ಲ.

ಪ್ರಶ್ನೆ: ಮನೆಯಲ್ಲಿ ಬೈನಾಕ್ಯುಲರ್ ಇದೆ. ಅದರಲ್ಲಿ ಶುಕ್ರನನ್ನು ನೋಡಿದರೆ ಏನಾದರೂ ಕಾಣುತ್ತಾ?
– ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕಾಣುತ್ತೆ, ಆದರೆ ಸಮಯ ನೋಡಿ ಹಿಡಿಯಬೇಕು. ಶುಕ್ರನಿಗೂ ಚಂದ್ರನ ಹಾಗೆ ಕಲೆಗಳಿವೆ, ಅಂದರೆ ಮಚ್ಚೆಗಳಲ್ಲ, ಬೆಳಗಿದ ಭಾಗ ಹೆಚ್ಚುತ್ತಾ ಕಡಿಮೆಯಾಗುತ್ತಾ ಆಕಾರ ಬದಲಾಗುತ್ತದೆ. 1610ರ ಕೊನೆಯಲ್ಲಿ ಗೆಲಿಲಿಯೋ ತನ್ನ ದೂರದರ್ಶಕದಲ್ಲಿ ನೋಡಿದ್ದು ಇದನ್ನೇ, ಶುಕ್ರ ಸೂರ್ಯನ ಸುತ್ತ ಸುತ್ತುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿಯಾಯಿತು. ಶುಕ್ರ ಸೂರ್ಯನ ಆಚೆ ಬದಿಗೆ ಇದ್ದಾಗ ನಮಗೆ ಪೂರ್ತಿ ದುಂಡಗೆ ಕಾಣುತ್ತದೆ, ಆದರೆ ಆಗ ಅದು ಸುಮಾರು 26 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ, ತೀರಾ ಚಿಕ್ಕದು. ಹತ್ತಿರ ಬರುತ್ತಾ ಬರುತ್ತಾ ಬೆಳಗಿದ ಭಾಗ ಕಡಿಮೆಯಾಗುತ್ತದೆ, ಗಾತ್ರ ಮಾತ್ರ ದೊಡ್ಡದಾಗುತ್ತಲೇ ಹೋಗುತ್ತದೆ. ಸುಮಾರು 4 ಕೋಟಿ ಕಿಲೋಮೀಟರ್‌ವರೆಗೂ ಹತ್ತಿರ ಬರುತ್ತದೆ! ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಸಂಗತಿ ಏನೆಂದರೆ, ಶುಕ್ರ ಅತಿ ಹೆಚ್ಚು ಹೊಳೆಯುವುದು ದುಂಡಗಿದ್ದಾಗ ಅಲ್ಲ, ಕಾಲು ಭಾಗ ಮಾತ್ರ ಬೆಳಗಿ ಕುಡುಗೋಲಿನ ಹಾಗೆ ಬಾಗಿದ್ದಾಗ.

ಆದ್ದರಿಂದ ಸಂಜೆಯ ಶುಕ್ರ ದಿನದಿನಕ್ಕೂ ಕೆಳಗಿಳಿಯುತ್ತಾ ಬರುವ ಕೊನೆಯ ವಾರಗಳಲ್ಲಿ ನೋಡಿ. 10x50 ಬೈನಾಕ್ಯುಲರ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಮಸೂರ 50 ಮಿಲಿಮೀಟರ್ ಅಗಲ ಇರುವಂಥದ್ದು) ಸಾಕು. ಕೈ ನಡುಗುತ್ತದೆ, ತಾರಸಿಯ ಗೋಡೆಗೆ ಮೊಣಕೈ ಊರಿಕೊಳ್ಳಿ. ಪೂರ್ತಿ ಕತ್ತಲಾಗುವವರೆಗೆ ಕಾಯಬೇಡಿ, ಕಪ್ಪು ಆಕಾಶದಲ್ಲಿ ಅದರ ಹೊಳಪು ಕಣ್ಣಿಗೆ ಚುಚ್ಚಿ ಆಕಾರ ತಿಳಿಯುವುದಿಲ್ಲ, ಮಬ್ಬು ಬೆಳಕಿನಲ್ಲೇ ಚೆನ್ನ. ಆದರೆ ಸೂರ್ಯ ಪೂರ್ತಿ ಮುಳುಗುವ ಮುಂಚೆ ಬೈನಾಕ್ಯುಲರ್ ಎತ್ತಲೇಬಾರದು, ಕಣ್ಣೇ ಹೋದೀತು.

ಪ್ರಶ್ನೆ: ಇಷ್ಟು ಚಂದ ಹೊಳೆಯುವ ಗ್ರಹದಲ್ಲಿ ಮನುಷ್ಯ ಇಳಿಯಬಹುದಾ?
– ಓದುಗರು, ಪುತ್ತೂರು

ಉತ್ತರ: ಆಗುವುದಿಲ್ಲ. ಹೊಳಪಿಗೆ ಕಾರಣ ಅದನ್ನು ಪೂರ್ತಿ ಮುಚ್ಚಿರುವ ಗಂಧಕಾಮ್ಲದ ಮೋಡ, ಬಿದ್ದ ಬಿಸಿಲಿನ ಮುಕ್ಕಾಲು ಪಾಲನ್ನು ಅದೇ ವಾಪಸ್ ಕಳಿಸುತ್ತದೆ. ಕೆಳಗೆ ಗಾಳಿಯೆಲ್ಲ ಹೆಚ್ಚುಕಡಿಮೆ ಇಂಗಾಲದ ಡೈಆಕ್ಸೈಡ್, ಶಾಖ ಹೊರಗೆ ಹೋಗಲು ಬಿಡುವುದಿಲ್ಲ. ನೆಲದಲ್ಲಿ ಸುಮಾರು 465 ಡಿಗ್ರಿ ಸೆಲ್ಸಿಯಸ್, ಸೀಸ ಕರಗುತ್ತದೆ. ಗಾಳಿಯ ಒತ್ತಡ ನಮ್ಮದರ 90 ಪಟ್ಟಿಗೂ ಜಾಸ್ತಿ. 1982ರಲ್ಲಿ ಇಳಿದ ಸೋವಿಯತ್ ನೌಕೆ ವೆನೆರಾ 13 ಬಣ್ಣದ ಚಿತ್ರಗಳನ್ನು ಕಳಿಸಿತು, 127 ನಿಮಿಷ ತಾಳಿತು, ಅಷ್ಟೇ. ನಮ್ಮ ಇಸ್ರೋದ ಶುಕ್ರಯಾನಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ, 2028ರ ಮಾರ್ಚ್‌ನಲ್ಲಿ ಹಾರಿಸುವ ಯೋಜನೆ. ಅದು ಇಳಿಯುವುದಿಲ್ಲ, ಮೇಲಿನಿಂದ ಸುತ್ತುತ್ತಾ ಮೋಡದ ಕೆಳಗಿನ ನೆಲವನ್ನು ರೇಡಾರ್‌ನಲ್ಲಿ ನೋಡುತ್ತದೆ.